ಫೋಕಸ್ ತಪ್ಪುತ್ತಿರುವುದು ಕ್ಯಾಮೆರಾದ್ದೇ, ಕಣ್ಣಿನದ್ದೇ?

ಪ್ರಶ್ನೆ: ನನಗೆ 56 ವರ್ಷ, ಬಸವನಗುಡಿಯಲ್ಲಿ ವಾಸ. ಕೆಲವು ವರ್ಷಗಳ ಹಿಂದೆ ಲೈಕಾ ಎಂ 240 ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಜೊತೆಗೆ 35 ಮತ್ತು 50 ಎಂಎಂನ ಎರಡು ಎಫ್/2 ಲೆನ್ಸ್‌ಗಳಿವೆ. ಕೆ.ಆರ್. ಮಾರುಕಟ್ಟೆಯ ಬೆಳಗಿನ ಹೂವಿನ ವ್ಯಾಪಾರ, ಕಡಲೆಕಾಯಿ ಪರಿಷೆ, ಕರಗದ ರಾತ್ರಿ ಇವೇ ನನ್ನ ವಿಷಯಗಳು. ಈಚೆಗೆ ಹತ್ತಿರದ ಚಿತ್ರಗಳಲ್ಲಿ ಫೋಕಸ್ ಕೈಕೊಡುತ್ತಿದೆ. ಕಣ್ಣಿಗೆ ಫೋಕಸ್ ಮಾಡಿದರೆ ಹೆಚ್ಚಾಗಿ ಕಿವಿ, ಕೆಲವೊಮ್ಮೆ ಮೂಗಿನ ತುದಿ ಸ್ಪಷ್ಟವಾಗಿರುತ್ತದೆ. ರಾತ್ರಿಯ ಚಿತ್ರಗಳ ಕಪ್ಪು ಭಾಗದಲ್ಲಿ ಅಡ್ಡಗೆರೆಗಳು ಏಳುತ್ತವೆ. ಅಂಗಡಿಯವರು ಹಳೆಯದನ್ನು ತೆಗೆದುಕೊಂಡು ಅದೇ ಸರಣಿಯ 60 ಮೆಗಾಪಿಕ್ಸೆಲ್‌ನ ಎಂ11 ಕೊಡುತ್ತೇವೆ ಎನ್ನುತ್ತಿದ್ದಾರೆ. ಮೇಲೆ ಐದು ಲಕ್ಷಕ್ಕೂ ಹೆಚ್ಚು ಕೊಡಬೇಕು. ಅಷ್ಟು ಮೆಗಾಪಿಕ್ಸೆಲ್‌ಗೆ ನನ್ನ ಲೆನ್ಸ್‌ಗಳು ಸಾಲವು ಎಂದು ಒಬ್ಬ ಗೆಳೆಯ ಹೇಳಿದರೆ, ಬಣ್ಣ ಬೇಕಾದರೆ ಹಳೆಯ ಎಂ9 ಕೊಳ್ಳು ಎಂದು ಇನ್ನೊಬ್ಬ ಹೇಳುತ್ತಾನೆ. ನನ್ನ ಕ್ಯಾಮೆರಾ ಕೆಟ್ಟರೆ ಬಿಡಿಭಾಗವೇ ಸಿಗುವುದಿಲ್ಲವೆಂಬ ಭಯವೂ ಇದೆ. ನಾನು ಮಾಡಿಸುವ ಅತಿ ದೊಡ್ಡ ಪ್ರಿಂಟ್ 12×18 ಇಂಚು. ಮಗಳ ಓದಿನ ಖರ್ಚು ಮುಂದಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು ಫೋಕಸ್ ತಪ್ಪುವುದು, ಇನ್ನೊಂದು ಕತ್ತಲಲ್ಲಿ ಗೆರೆ ಏಳುವುದು. ಅಂಗಡಿಯವರು ಎರಡಕ್ಕೂ ಒಂದೇ ಮದ್ದು ಬರೆದುಕೊಟ್ಟಿದ್ದಾರೆ. ಎರಡನೆಯದಕ್ಕೆ ಆ ಮದ್ದು ನಿಜಕ್ಕೂ ನಾಟುತ್ತದೆ. ಮೊದಲನೆಯದಕ್ಕೆ ನಾಟುವುದಿಲ್ಲ, ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಮುಂಗಡ ಕೊಟ್ಟಿಲ್ಲವಾದರೆ ದಯವಿಟ್ಟು ಒಂದೆರಡು ವಾರ ತಡೆಯಿರಿ.

ಮೊದಲು ಫೋಕಸ್ ವಿಚಾರ. ನಿಮ್ಮ ಕ್ಯಾಮೆರಾದಲ್ಲಿ ಕೈಯಿಂದ ಫೋಕಸ್ ಮಾಡಲು ನೆರವಾಗುವ ರೇಂಜ್‌ಫೈಂಡರ್ ಎಂಬ ಭಾಗದ ಒಳಗೆ ನಡೆಯುವುದು ಅಪ್ಪಟ ಯಾಂತ್ರಿಕ ಕೆಲಸ. ಲೆನ್ಸ್‌ನ ಉಂಗುರ ತಿರುಗಿಸಿದಾಗ ಅದರ ಹಿಂಬದಿಯ ಲೋಹದ ಅಂಚು ಹಿಂದೆ ಮುಂದೆ ಚಲಿಸುತ್ತದೆ. ಲೆನ್ಸ್ ತೆಗೆದು ಕ್ಯಾಮೆರಾದ ಬಾಯಿಯೊಳಗೆ ನೋಡಿದರೆ ಮೇಲ್ಭಾಗದಲ್ಲಿ ಒಂದು ಪುಟ್ಟ ಉರುಳೆ ಕಾಣುತ್ತದೆ. ಅದು ಈ ಅಂಚಿಗೆ ಒತ್ತಿಕೊಂಡಿರುತ್ತದೆ. ಉರುಳೆ ಸರಿದಷ್ಟೂ ಒಂದು ತೋಳು ಸರಿಯುತ್ತದೆ, ತೋಳು ಸರಿದಂತೆ ವ್ಯೂಫೈಂಡರ್ ನಡುವಿನ ಬೆಳಕಿನ ಚೌಕದಲ್ಲಿ ಕಾಣುವ ಎರಡನೆಯ ಬಿಂಬ ಅತ್ತಿತ್ತ ಹೋಗುತ್ತದೆ. ಎರಡು ಬಿಂಬಗಳು ಒಂದಾದಾಗ ಫೋಕಸ್ ಕೂತಿತು ಎಂದು ನಾವು ನಂಬುತ್ತೇವೆ. ಸೆನ್ಸರ್ ಮೇಲೆ ನಿಜವಾಗಿ ಏನು ಬಿದ್ದಿದೆ ಎಂಬುದು ಈ ವ್ಯವಸ್ಥೆಗೆ ಗೊತ್ತೇ ಇಲ್ಲ. 1954ರ ಎಂ3ಯಿಂದ 2022ರ ಎಂ11ರವರೆಗೆ ಈ ತತ್ವ ಬದಲಾಗಿಲ್ಲ. ಆದ್ದರಿಂದ ಹೊಸ ಮಾದರಿ ಎಂಬ ಒಂದೇ ಕಾರಣಕ್ಕೆ ಫೋಕಸ್ ಸರಿಹೋಗುತ್ತದೆ ಎಂದುಕೊಳ್ಳಬೇಡಿ.

ಆ ತೋಳಿನ ಹೊಂದಾಣಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚಿತ್ರದಲ್ಲಿ ಕಾಣುತ್ತದೆ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಬ್ಯಾಗ್ ಇಟ್ಟುಕೊಂಡು ನಮ್ಮ ರಸ್ತೆಗುಂಡಿಗಳಲ್ಲಿ ವರ್ಷಗಟ್ಟಲೆ ಓಡಾಡಿದ ಕ್ಯಾಮೆರಾಗಳು ನನ್ನ ರಿಪೇರಿ ಮೇಜಿಗೆ ಬರುತ್ತಲೇ ಇರುತ್ತವೆ. ಹೊರಗೆ ಒಂದು ಗೀರೂ ಇರುವುದಿಲ್ಲ, ಒಳಗೆ ಮಾತ್ರ ಬಿಂಬಗಳು ಕೂಡುವ ಜಾಗ ಸರಿದಿರುತ್ತದೆ.

ಈಗ ಒಂದು ಲೆಕ್ಕ ಗಮನಿಸಿ. 50 ಎಂಎಂ ಲೆನ್ಸ್‌ನಲ್ಲಿ ಎಫ್/2 ಇಟ್ಟು, ಅಂದರೆ ಲೆನ್ಸ್‌ನ ಬಾಯಿಯನ್ನು ಪೂರ್ತಿ ತೆರೆದು, ಒಂದೂವರೆ ಮೀಟರ್ ದೂರದ ಹೂವಾಡಗಿತ್ತಿಯ ಮುಖ ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಮುಂದೆ ಹಿಂದೆ ಸೇರಿ ಸುಮಾರು 10 ಸೆಂಟಿಮೀಟರ್. ಅದೂ ಸಾಧಾರಣ ಗಾತ್ರದ ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವ ಹಳೆಯ ಅಳತೆಯ ಪ್ರಕಾರ. 60 ಮೆಗಾಪಿಕ್ಸೆಲ್ ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡುವವರಿಗೆ ಅದೇ ಆಳ ಎರಡೂವರೆ, ಮೂರು ಸೆಂಟಿಮೀಟರಿಗೆ ಇಳಿಯುತ್ತದೆ. ಇಂದು ನಿಮಗೆ ಹತ್ತರಲ್ಲಿ ಕೆಲವು ತಪ್ಪಿದಂತೆ ಕಂಡರೆ, ಹೊಂದಾಣಿಕೆ ಸರಿಯಿಲ್ಲದ ಎಂ11ರಲ್ಲಿ ಅದಕ್ಕಿಂತ ಹೆಚ್ಚು ತಪ್ಪಿದಂತೆ ಕಾಣುತ್ತದೆ. ಕೈನಡುಕದ ಕತೆಯೂ ಇದೇ. ಎಂ11ರಲ್ಲಿ ಸೆನ್ಸರನ್ನೇ ಅಲುಗಿಸಿ ಕೈನಡುಕ ತಿದ್ದುವ ವ್ಯವಸ್ಥೆ ಇಲ್ಲ. 50 ಎಂಎಂಗೆ 1/60 ಸೆಕೆಂಡಿನ ಷಟರ್ ವೇಗ ಸಾಕೆಂಬ ಹಳೆಯ ರೂಢಿಯನ್ನು 1/125ಕ್ಕೆ ಏರಿಸಿಕೊಳ್ಳಬೇಕಾಗುತ್ತದೆ.

ಆದರೆ ದೋಷವೆಲ್ಲ ಕ್ಯಾಮೆರಾದ್ದೇ ಎಂದು ನಾನು ಹೇಳುತ್ತಿಲ್ಲ. ನೀವು ಬರೆದ ಒಂದು ಮಾತು ನನ್ನ ಗಮನ ಸೆಳೆಯಿತು: ಹೆಚ್ಚಾಗಿ ಕಿವಿ, ಕೆಲವೊಮ್ಮೆ ಮೂಗು. ಯಂತ್ರದ ಹೊಂದಾಣಿಕೆ ತಪ್ಪಿದ್ದರೆ ದೋಷ ಒಂದೇ ದಿಕ್ಕಿಗಿರುತ್ತದೆ, ಪ್ರತಿಸಲ ಹಿಂದಕ್ಕೆ ಅಥವಾ ಪ್ರತಿಸಲ ಮುಂದಕ್ಕೆ. ಒಮ್ಮೆ ಹಿಂದೆ, ಒಮ್ಮೆ ಮುಂದೆ ಚದುರಿದರೆ ಕಣ್ಣಿನ ಕಡೆ ನೋಡಬೇಕು. ನಿಮ್ಮಲ್ಲಿ ಎರಡೂ ಸೇರಿರುವಂತಿದೆ.

ನಿಮ್ಮ ವಯಸ್ಸಿನಲ್ಲಿ ಚಾಳೀಸು ಬಂದೇ ಇರುತ್ತದೆ, ಪ್ರೋಗ್ರೆಸಿವ್ ಕನ್ನಡಕ ಇರಲೂಬಹುದು. ವ್ಯೂಫೈಂಡರಿನ ಬಿಂಬ ಕಣ್ಣಿಗೆ ಒಂದೆರಡು ಮೀಟರ್ ಆಚೆ ಇದ್ದಂತೆ ಕಾಣುತ್ತದೆ. ಎಂ ಸರಣಿಯಲ್ಲಿ ಅದನ್ನು ಮೈನಸ್ 0.5 ಡಯಾಪ್ಟರ್‌ಗೆ ಕೂರಿಸಿರುತ್ತಾರೆ. ಅಂದರೆ ಓದುವ ಪವರ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ದೂರದ ಪವರ್ ಬೇಕು. ಪ್ರೋಗ್ರೆಸಿವ್ ಕನ್ನಡಕದಲ್ಲಿ ಕ್ಯಾಮೆರಾ ಸ್ವಲ್ಪ ಮೇಲೆ ಕೆಳಗಾದರೂ ಕಣ್ಣು ಬೇರೆ ಪವರಿನ ಭಾಗದಿಂದ ನೋಡುತ್ತದೆ, ಚೌಕದೊಳಗಿನ ಬಿಂಬ ಮಂಕಾಗುತ್ತದೆ, ಎರಡು ಬಿಂಬ ಕೂಡಿತೋ ಇಲ್ಲವೋ ಎಂಬುದು ಊಹೆಯ ಮಾತಾಗುತ್ತದೆ. ಸಿಲಿಂಡರ್ ಪವರ್ (ಒಂದು ದಿಕ್ಕಿನ ಗೆರೆಗಳು ಮಸುಕಾಗುವ ದೋಷಕ್ಕೆ ಕೊಡುವ ಪವರ್) ಇರುವವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ನಾವು ಕೂಡಿಸಲು ನೋಡುವುದೇ ಲಂಬ ಗೆರೆಗಳನ್ನು. ಕಣ್ಣಿನ ವೈದ್ಯರಲ್ಲಿ ಹೋಗಿ ಬರೀ ದೂರದ ಪವರ್ ಇರುವ ಒಂದು ಸಾದಾ ಕನ್ನಡಕವನ್ನು ಚಿತ್ರ ತೆಗೆಯಲೆಂದೇ ಮಾಡಿಸಿಕೊಳ್ಳಿ. ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುವ ಈ ಕೆಲಸದಿಂದ ಚಿತ್ರಗಳು ಸುಧಾರಿಸಿದ್ದನ್ನು ನಾನು ಎಷ್ಟೋ ಜನರಲ್ಲಿ ಕಂಡಿದ್ದೇನೆ. ಸಿಲಿಂಡರ್ ಇಲ್ಲದವರು ವ್ಯೂಫೈಂಡರಿಗೆ ತಿರುಪಿ ಹಾಕುವ ಡಯಾಪ್ಟರ್ ಲೆನ್ಸ್ ಬಳಸಬಹುದು.

ಇನ್ನು ಪರೀಕ್ಷೆ. ಎಂ 240ರಲ್ಲಿ ಲೈವ್ ವ್ಯೂ, ಅಂದರೆ ಸೆನ್ಸರಿಗೆ ಕಾಣುವುದನ್ನೇ ಹಿಂಬದಿಯ ಪರದೆಯಲ್ಲಿ ತೋರಿಸುವ ಸೌಲಭ್ಯ, ಇರುವುದರಿಂದ ಇದನ್ನು ನೀವೇ ಮನೆಯಲ್ಲಿ ಮಾಡಬಹುದು; ಎಂ9 ಇದ್ದವರಿಗೆ ಈ ಅನುಕೂಲವಿಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಡಿ, ಒಂದು ಮೀಟರ್ ದೂರದ ಗೋಡೆಗೆ ಒಂದು ಪಂಚಾಂಗದ ಹಾಳೆ ಅಂಟಿಸಿ, ಎಫ್/2 ಇಡಿ. ರೇಂಜ್‌ಫೈಂಡರ್ ನೋಡಿ ಫೋಕಸ್ ಮಾಡಿ ಒಂದು ಚಿತ್ರ, ಆಮೇಲೆ ಲೈವ್ ವ್ಯೂನಲ್ಲಿ ಬಿಂಬವನ್ನು ಹಿಗ್ಗಿಸಿಕೊಂಡು ಫೋಕಸ್ ಮಾಡಿ ಇನ್ನೊಂದು. ಪ್ರತಿಸಲವೂ ಉಂಗುರವನ್ನು ಅನಂತ ದೂರಕ್ಕೆ ಒಯ್ದು ಮತ್ತೆ ತನ್ನಿ. ಹೀಗೆ ಹತ್ತು ಜೊತೆ ತೆಗೆದು, ಲೈವ್ ವ್ಯೂನಲ್ಲಿ ಉಂಗುರ ಎಲ್ಲಿ ನಿಂತಿತು, ರೇಂಜ್‌ಫೈಂಡರ್‌ನಲ್ಲಿ ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಮೂರು ಮೀಟರಿಗೂ ಇದನ್ನೇ ಮಾಡಿ, ಎರಡೂ ಲೆನ್ಸ್‌ಗಳಲ್ಲಿ ಮಾಡಿ. ಅನಂತಕ್ಕೆ ಆಕಾಶದಲ್ಲಿ ಚಂದ್ರನಿದ್ದಾನೆ: ಉಂಗುರವನ್ನು ಕೊನೆಯ ತನಕ ತಿರುಗಿಸಿದಾಗ ಚೌಕದಲ್ಲಿ ಎರಡು ಚಂದ್ರ ಕಂಡರೆ ಹೊಂದಾಣಿಕೆ ತಪ್ಪಿದೆ ಎಂದೇ ಅರ್ಥ.

ಎರಡು ಲೆನ್ಸ್‌ಗಳೂ ಒಂದೇ ದಿಕ್ಕಿಗೆ ತಪ್ಪಿದರೆ ಕ್ಯಾಮೆರಾ ದೇಹವನ್ನು ಸರಿಪಡಿಸಬೇಕು. ಒಂದು ಮಾತ್ರ ತಪ್ಪಿದರೆ ಆ ಲೆನ್ಸನ್ನು. ಟ್ರೈಪಾಡ್ ಮೇಲೂ ಅತ್ತಿತ್ತ ಚದುರಿದರೆ ಕನ್ನಡಕ ಮೊದಲು. ಟ್ರೈಪಾಡ್ ಮೇಲೆ ಎಲ್ಲ ಸರಿಯಿದ್ದು ಕೈಯಲ್ಲಿ ಮಾತ್ರ ತಪ್ಪಿದರೆ, ಫೋಕಸ್ ಮಾಡಿದ ಮೇಲೆ ಚೌಕಟ್ಟು ಸರಿಪಡಿಸಿಕೊಳ್ಳುವಾಗ ನಿಮ್ಮ ದೇಹ ನಾಲ್ಕು ಬೆರಳು ಓಲಾಡುತ್ತಿದೆ, ಲೆನ್ಸ್‌ನ ಬಾಯಿ ಕಿರಿದು ಮಾಡಿ ಎಫ್/2.8 ಅಥವಾ ಎಫ್/4ಕ್ಕೆ ಹೋಗಿ, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುತ್ತದೆ.

ಆರು ಮೂಲೆಯ ಕೀಲಿ ಹಾಕಿ ಉರುಳೆಯನ್ನು ನಾವೇ ತಿರುಗಿಸಿಕೊಳ್ಳಬಹುದು ಎಂದು ತೋರಿಸುವ ವಿಡಿಯೊಗಳನ್ನು ನೀವು ನೋಡಿರಬಹುದು. ದಯವಿಟ್ಟು ಆ ದಾರಿ ಬೇಡ. ಅನಂತದ ಹೊಂದಾಣಿಕೆಯೂ ಹತ್ತಿರದ ಹೊಂದಾಣಿಕೆಯೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ತಿದ್ದಿ ಇನ್ನೊಂದನ್ನು ಕೆಡಿಸಿಕೊಂಡು ಬಂದ ಕ್ಯಾಮೆರಾವನ್ನು ಸರಿಮಾಡುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅನುಭವವಿರುವ ಮೆಕ್ಯಾನಿಕ್‌ಗೆ ಇದು ಬೆಂಗಳೂರಿನಲ್ಲೇ ಆಗುವ ಕೆಲಸ. ನಿಮ್ಮ ಎರಡೂ ಲೆನ್ಸ್ ಜೊತೆಗೇ ಕೊಡಿ, ನಿಮ್ಮ ಪರೀಕ್ಷೆಯ ಚಿತ್ರಗಳನ್ನೂ ಕೊಡಿ.

ರಾತ್ರಿಯ ತೊಂದರೆಗೆ ಬರೋಣ. ಇಲ್ಲಿ ನಿಮ್ಮ ದೂರು ನ್ಯಾಯವಾದದ್ದು. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವ ಹೊತ್ತಿಗೆ ನಡುರಾತ್ರಿಯಾಗಿರುತ್ತದೆ. ಎದುರಿಗೆ ಮಲ್ಲಿಗೆಯ ಬಿಳುಪು, ವೀರಕುಮಾರರ ಕತ್ತಿಯ ಹೊಳಪು. ಹಿಂದೆ ಪೇಟೆಯ ಗಲ್ಲಿಯ ಕತ್ತಲು. ಮಲ್ಲಿಗೆಯ ಎಸಳು ಉಳಿಯಲೆಂದು ನೀವು ಬೆಳಕು ಕಡಿಮೆ ಕೊಡುತ್ತೀರಿ, ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲನ್ನು ಎತ್ತುತ್ತೀರಿ. ಎಂ 240ರ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, 6400ಕ್ಕೆ ಮುಗಿಯುತ್ತದೆ, 3200 ದಾಟಿದ ಮೇಲೆ ನೆರಳನ್ನು ಎತ್ತಿದರೆ ಗೆರೆ ಏಳುವುದು ಆ ಸೆನ್ಸರಿನ ಹುಟ್ಟುಗುಣ. ಅದು ನಿಮ್ಮ ಕೈತಪ್ಪಲ್ಲ, ರಿಪೇರಿಯಿಂದ ಹೋಗುವುದೂ ಇಲ್ಲ. 2017ರ ಎಂ10ರಲ್ಲಿ ಇದು ಬಹುಮಟ್ಟಿಗೆ ಸುಧಾರಿಸಿತು. ನನ್ನ ಅಂದಾಜಿನಲ್ಲಿ ಒಂದು ಸ್ಟಾಪ್ (ಬೆಳಕಿನ ಲೆಕ್ಕದಲ್ಲಿ ಎರಡು ಪಟ್ಟು), ನೆರಳಿನಲ್ಲಿ ಇನ್ನೂ ತುಸು ಹೆಚ್ಚು. ಎಂ11 ಕೂಡ ಈ ಮಟ್ಟಕ್ಕೆ ಕಡಿಮೆಯಿಲ್ಲ. ಆದರೆ ಒಂದೇ ಗಾತ್ರದ ಪ್ರಿಂಟ್ ಮಾಡಿ ಹೋಲಿಸಿದರೆ, 240ರಿಂದ ಎಂ10ಕ್ಕೆ ಕಂಡಷ್ಟು ದೊಡ್ಡ ಜಿಗಿತ ಎಂ10ರಿಂದ ಎಂ11ಕ್ಕೆ ಕಾಣುವುದಿಲ್ಲ.

ಅದಕ್ಕೂ ಮುನ್ನ ಒಂದು ಕಡಿಮೆ ಖರ್ಚಿನ ದಾರಿ ನೋಡಿ. ರಾ ಕಡತದ (ಸೆನ್ಸರಿನಿಂದ ಬಂದ ಕಚ್ಚಾ ಕಡತದ) ಮೇಲೆಯೇ ಕೆಲಸ ಮಾಡಿ, ಕತ್ತಲಲ್ಲಿ ಏಳುವ ಕಾಳುಕಾಳು ಚುಕ್ಕೆಗಳನ್ನು ಅಳಿಸುವ ಇಂದಿನ ಡಿನಾಯ್ಸ್ ತಂತ್ರಾಂಶಗಳು ಬಹಳ ಮುಂದೆ ಹೋಗಿವೆ. ನೀವು ಹಿಂದಿನ ಕರಗಗಳಲ್ಲಿ ತೆಗೆದು ಬದಿಗಿಟ್ಟ ಚಿತ್ರಗಳಿಗೂ ಅವು ಉಪಯೋಗಕ್ಕೆ ಬರುತ್ತವೆ. ಹೊಸ ಕ್ಯಾಮೆರಾ ಆ ಹಳೆಯ ರಾತ್ರಿಗಳನ್ನು ತಿದ್ದಿಕೊಡಲಾರದು. ಆ ಚುಕ್ಕೆಗಳು ಚೆನ್ನಾಗಿ ಹೋಗುತ್ತವೆ, ಗೆರೆಗಳು ಪೂರ್ತಿ ಹೋಗುವುದಿಲ್ಲ. ಪ್ರಯೋಗಕ್ಕಾಗಿ ಸಿಗುವ ಅವಧಿಯಲ್ಲಿ ನಿಮ್ಮ ಅತಿ ಕೆಟ್ಟ ಚಿತ್ರಗಳನ್ನೇ ಹಾಕಿ, 12×18 ಪ್ರಿಂಟ್ ತೆಗೆಸಿ ನೋಡಿ.

ಪ್ರಿಂಟ್ ಎಂದಾಗ ಮೆಗಾಪಿಕ್ಸೆಲ್ ಮಾತು. ಇಂಚಿಗೆ 300 ಚುಕ್ಕೆಯಂತೆ 12×18 ಇಂಚಿಗೆ ಬೇಕಾಗುವುದು 3600×5400, ಅಂದರೆ ಸುಮಾರು 19 ಮೆಗಾಪಿಕ್ಸೆಲ್. ನಿಮ್ಮಲ್ಲಿ 24 ಇದೆ. 60 ಎಂದರೆ ಎರಡೂವರೆ ಪಟ್ಟು ಎಂದು ಕಿವಿಗೆ ದೊಡ್ಡದಾಗಿ ಕೇಳುತ್ತದೆ, ಉದ್ದ ಅಗಲಗಳಲ್ಲಿ ನೋಡಿದರೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ಅಷ್ಟೇ. ಒಂದೊಂದು ಕಡತ 70ರಿಂದ 120 ಎಂಬಿ ಆಗುತ್ತದೆ. ಎಂ11ರಲ್ಲಿ 36 ಅಥವಾ 18 ಮೆಗಾಪಿಕ್ಸೆಲ್‌ಗೂ ಇಳಿಸಿಕೊಳ್ಳಬಹುದು. ಸೆನ್ಸರಿನ ಪೂರ್ತಿ ಅಗಲ ಬಳಕೆಯಾಗುತ್ತದೆ, ಚಿತ್ರದ ಅಂಚು ಕತ್ತರಿಸುವುದಿಲ್ಲ. ನಿಮ್ಮ ಲೆನ್ಸ್‌ಗಳು ಸಾಲವು ಎಂಬ ಮಾತು ಮಾತ್ರ ಸುಳ್ಳು. ಹೊಸ ಸೆನ್ಸರ್ ಬಂದಿತೆಂದು ಹಳೆಯ ಲೆನ್ಸ್ ಕೆಡುವುದಿಲ್ಲ. ಅದರ ಗುಣವೂ ದೋಷವೂ ಹಿಗ್ಗಿಸಿದಾಗ ಇನ್ನಷ್ಟು ಕಾಣುತ್ತವೆ, ಪ್ರಿಂಟ್ ಹಿಂದಿನದಕ್ಕಿಂತ ಕೆಳಗಿಳಿಯುವುದಿಲ್ಲ.

ಎಂ9ರ ಬಣ್ಣದ ಬಗ್ಗೆ ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸತ್ಯ. 2009ರ ಆ ಕ್ಯಾಮೆರಾದ ಬಣ್ಣಗಳು ಸೊಗಸಾಗಿವೆ, ನನಗೂ ಇಷ್ಟ. ಆದರೆ ಆ ಸೊಗಸು ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್ ತಂತ್ರದಿಂದ ಬಂದದ್ದಲ್ಲ. ಬಣ್ಣವನ್ನು ನಿರ್ಧರಿಸುವುದು ಸೆನ್ಸರಿನ ಮೇಲಿರುವ ಬಣ್ಣದ ಶೋಧಕಗಳು, ಅತಿಕೆಂಪು ಕಿರಣ ತಡೆಯುವ ಗಾಜು, ರಾ ಕಡತವನ್ನು ಬಣ್ಣಕ್ಕೆ ತಿರುಗಿಸುವ ಪ್ರೊಫೈಲ್. 240ರಲ್ಲಿ ಚರ್ಮದ ಬಣ್ಣ ಸ್ವಲ್ಪ ಕೆಂಪಿಗೆ ವಾಲುತ್ತದೆ, ಕಪ್ಪು ಸಿಂಥೆಟಿಕ್ ಬಟ್ಟೆ ಕೆಲವು ಬೆಳಕಿನಲ್ಲಿ ನೇರಳೆಯಾಗುತ್ತದೆ. ಒಂದು ಕಲರ್ ಚಾರ್ಟ್ ಇಟ್ಟು ಹಗಲಿಗೊಂದು, ಎಲ್‌ಇಡಿ ಬೆಳಕಿಗೊಂದು ಪ್ರೊಫೈಲ್ ಮಾಡಿಕೊಂಡರೆ ಚರ್ಮದ ಬಣ್ಣ ಬಹುಪಾಲು ಹತೋಟಿಗೆ ಬರುತ್ತದೆ.

ಕೆ.ಆರ್. ಮಾರುಕಟ್ಟೆಯ ಚೆಂಡುಹೂವಿನ ರಾಶಿ ಚಿತ್ರದಲ್ಲಿ ಬರೀ ಕಿತ್ತಳೆ ಬಣ್ಣದ ಮುದ್ದೆಯಾಗುತ್ತದೆ ಎಂದು ಹಲವರು ಕೇಳುತ್ತಾರೆ, ನಿಮಗೂ ಅನುಭವವಾಗಿರುತ್ತದೆ. ಅದಕ್ಕೆ ಕಾರಣ ಕ್ಯಾಮೆರಾದ ವಯಸ್ಸಲ್ಲ. ಒಟ್ಟು ಬೆಳಕಿನ ಅಳತೆ ಸರಿಯಿದ್ದಾಗಲೂ ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿಹೋಗಿರುತ್ತದೆ, ಎಸಳುಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಮುಕ್ಕಾಲು ಸ್ಟಾಪ್ ಕಡಿಮೆ ಬೆಳಕು ಕೊಡಿ, ಎಸಳೆಲ್ಲ ಎದ್ದು ಬರುತ್ತವೆ. ಎಂ11ರಲ್ಲೂ ಹೀಗೆಯೇ ಮಾಡಬೇಕು.

ಎಂ9ಕ್ಕೆ ಇನ್ನೊಂದು ಗಂಭೀರ ತೊಂದರೆಯಿದೆ. ಅದರ ಸೆನ್ಸರ್ ಮೇಲಿನ ಗಾಜು ತೇವಕ್ಕೆ ಕೊರೆದುಹೋಗುತ್ತದೆ. 2014ರಲ್ಲಿ ಕಂಪನಿಯೇ ಇದನ್ನು ಒಪ್ಪಿಕೊಂಡು ಉಚಿತವಾಗಿ ಬದಲಿಸಿಕೊಟ್ಟಿತು, ಆ ಸೌಲಭ್ಯ ಈಗ ಇಲ್ಲ. ಬೆಂಗಳೂರಿನ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದಲ್ಲಿ, ಸೆನ್ಸರ್ ಬದಲಾಗದ ಎಂ9 ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ. ಬಣ್ಣಕ್ಕಾಗಿ ಅಷ್ಟು ದೊಡ್ಡ ಅಪಾಯ ಬೇಕಿಲ್ಲ.

ಬಿಡಿಭಾಗದ ಭಯ ಅರ್ಥವಾಗುವಂಥದ್ದು. ಯಾಂತ್ರಿಕ ಕೆಲಸಗಳಾದ ರೇಂಜ್‌ಫೈಂಡರ್ ಹೊಂದಾಣಿಕೆ, ಲೆನ್ಸ್ ಶುದ್ಧಿ ಇಲ್ಲೇ ಆಗುತ್ತವೆ. ಸೆನ್ಸರ್ ಅಥವಾ ಮುಖ್ಯ ಬೋರ್ಡ್ ಕೆಟ್ಟರೆ ಜರ್ಮನಿಯ ವೆಟ್ಸ್‌ಲರ್‌ಗೆ ಕಳಿಸಬೇಕಾಗಬಹುದು, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹೊಸ ಎಂ11ಕ್ಕೂ ಇದು ತಪ್ಪಿದ್ದಲ್ಲ, ವಾರಂಟಿ ಇರುವವರೆಗೆ ಖರ್ಚು ಮಾತ್ರ ನಿಮ್ಮದಲ್ಲ. ಹೊರದೇಶಕ್ಕೆ ಕಳಿಸುವಾಗ ಸೀರಿಯಲ್ ನಂಬರ್ ಇರುವ ಬಿಲ್ಲು, ರಿಪೇರಿಗೆಂದು ರಫ್ತು ಮಾಡಿದ ಕಾಗದ ಎರಡೂ ಇರಲಿ, ಇಲ್ಲವಾದರೆ ವಾಪಸು ಬರುವಾಗ ಕಸ್ಟಮ್ಸ್‌ನಲ್ಲಿ ಅದನ್ನು ಹೊಸ ವಸ್ತುವೆಂದು ಎಣಿಸಿಬಿಡಬಹುದು. ನಿಮ್ಮದು ಇಂದು ಕೆಲಸ ಮಾಡುತ್ತಿದೆ. ಮುಂದೆಂದೋ ಕೆಡಬಹುದೆಂದು ಇಂದೇ ಐದು ಲಕ್ಷ ಕೊಡುವುದು ನನಗೆ ಸರಿಕಾಣುವುದಿಲ್ಲ. ಕ್ಯಾಮೆರಾ ಕೆಟ್ಟ ದಿನವೇ ಕೊಂಡರೆ ಅದೇ ಎಂ11 ಕಡಿಮೆ ಬೆಲೆಗೆ ಸಿಗಬಹುದು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ನಾನು ನಿಮ್ಮ ಜಾಗದಲ್ಲಿದ್ದರೆ ಹೊಂದಾಣಿಕೆ ಮಾಡಿಸಿ, ಕನ್ನಡಕ ಮಾಡಿಸಿ, ಮುಂದಿನ ಪರಿಷೆಯವರೆಗೆ 240ನ್ನೇ ಬಳಸುತ್ತಿದ್ದೆ. ಅದಕ್ಕೆ ಮೇಲಿನಿಂದ ಸಿಕ್ಕಿಸುವ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇದೆ, ಒಲಿಂಪಸ್‌ನ ವಿಎಫ್-2 ಕೂಡ ಹೊಂದುತ್ತದೆ, ಸೆಕೆಂಡ್ ಹ್ಯಾಂಡ್ ಕಡಿಮೆ ಬೆಲೆಗೆ ಸಿಗುತ್ತದೆ. ಬಿಂಬ ಇಂದಿನ ಮಟ್ಟಕ್ಕೆ ಒರಟು, ಕತ್ತಲಲ್ಲಿ ಎಳೆದಾಡುತ್ತದೆ. ಹಗಲಿನಲ್ಲಿ ಹತ್ತಿರದ ಮುಖಗಳಿಗೆ ಸಾಕು.

ಆಮೇಲೂ ರಾತ್ರಿಯ ಚಿತ್ರಗಳು ಮನಸ್ಸಿಗೆ ಒಪ್ಪದಿದ್ದರೆ ಸೆಕೆಂಡ್ ಹ್ಯಾಂಡ್ ಎಂ10 ನೋಡಿ. ಕನ್ನಡಕ ಹಾಕುವವರಿಗೆ ನಾನು ಇದನ್ನು ವಿಶೇಷವಾಗಿ ಹೇಳುತ್ತೇನೆ: 240ರಲ್ಲಿ 0.68 ಪಟ್ಟು ಇದ್ದ ವ್ಯೂಫೈಂಡರಿನ ಬಿಂಬ 0.73 ಪಟ್ಟಿಗೆ ಹಿಗ್ಗಿದೆ, ಕಣ್ಣನ್ನು ಸ್ವಲ್ಪ ದೂರವಿಟ್ಟರೂ 35 ಎಂಎಂನ ಚೌಕಟ್ಟು ಪೂರ್ತಿ ಕಾಣುತ್ತದೆ. ಬಿಂಬ ಹಿಗ್ಗಿದಷ್ಟೂ ಕೂಡಿಸುವುದು ಸುಲಭ. ದೇಹವೂ ತೆಳುವಾಗಿದೆ. ಕಳೆದುಕೊಳ್ಳುವುದು ವಿಡಿಯೊ ಮತ್ತು ಬ್ಯಾಟರಿ; 1800 ಎಂಎಎಚ್ ಇದ್ದದ್ದು 1100ಕ್ಕೆ ಇಳಿಯುತ್ತದೆ. ಕರಗದ ರಾತ್ರಿಗೆ ಎರಡು ಬ್ಯಾಟರಿ ಜೇಬಿನಲ್ಲಿರಬೇಕು.

ಎಂ11 ಒಳ್ಳೆಯ ಕ್ಯಾಮೆರಾ, ಅದರಲ್ಲಿ ಎರಡು ಮಾತಿಲ್ಲ. ಬ್ಯಾಟರಿ ಮತ್ತೆ 1800ಕ್ಕೆ ಏರಿದೆ, ತಳದ ತಟ್ಟೆ ಬಿಚ್ಚುವ ಗೋಳಿಲ್ಲ, ಕಪ್ಪು ಬಣ್ಣದ್ದು 530 ಗ್ರಾಂ ಅಷ್ಟೇ. ಎಲೆಕ್ಟ್ರಾನಿಕ್ ಷಟರ್ ಸದ್ದೇ ಮಾಡುವುದಿಲ್ಲ, ಚೌಡಯ್ಯ ಸ್ಮಾರಕ ಭವನದ ಕಛೇರಿಗಳಿಗೆ ಹೇಳಿ ಮಾಡಿಸಿದಂತಿದೆ ಅನ್ನಿಸುತ್ತದೆ. ಆದರೆ ಎಲ್‌ಇಡಿ ದೀಪಗಳ ಕೆಳಗೆ ಆ ಷಟರ್ ಬಳಸಿದರೆ ಚಿತ್ರದ ಮೇಲೆ ಪಟ್ಟೆಗಳು ಬೀಳಬಹುದು, ಕೈಯಾಡಿಸುವ ಮೃದಂಗದವರ ಬೆರಳು ಸೊಟ್ಟಗಾಗಬಹುದು. ಪರಿಷೆಯ ಕಡಲೆಕಾಯಿ ರಾಶಿಗಳ ಮೇಲೆ ಈಗ ತೂಗುವುದೂ ಎಲ್‌ಇಡಿ ಬಲ್ಬುಗಳೇ. ಆರಂಭದ ಫರ್ಮ್‌ವೇರ್‌ಗಳಲ್ಲಿ (ಕ್ಯಾಮೆರಾದೊಳಗಿನ ತಂತ್ರಾಂಶದಲ್ಲಿ) ಕ್ಯಾಮೆರಾ ನಡುವೆ ಸ್ತಬ್ಧವಾಗುವ ದೂರುಗಳಿದ್ದವು, ಕೊಂಡರೆ ಹೊಸ ಫರ್ಮ್‌ವೇರ್ ಹಾಕಿಸಿಯೇ ತನ್ನಿ.

ಕಣ್ಣಿನ ವೈದ್ಯರು ಸಿಲಿಂಡರ್ ಪವರ್ ಹೆಚ್ಚಿದೆ, ಕನ್ನಡಕದಿಂದ ಪೂರ್ತಿ ಸರಿಹೋಗದು ಎಂದರೆ ಮಾತ್ರ ಬೇರೆ ಯೋಚಿಸಿ. 2025ರ ಅಕ್ಟೋಬರ್‌ನಲ್ಲಿ ಬಂದ ಎಂ ಇವಿ1ರಲ್ಲಿ ರೇಂಜ್‌ಫೈಂಡರನ್ನೇ ತೆಗೆದು ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇಟ್ಟಿದ್ದಾರೆ. ನಿಮ್ಮ ಲೆನ್ಸ್‌ಗಳು ಅದಕ್ಕೂ ಹೊಂದುತ್ತವೆ, ಫೋಕಸ್ ಸೆನ್ಸರಿನಲ್ಲೇ ಕಾಣುತ್ತದೆ. ಎರಡು ಬಿಂಬ ಕೂಡಿಸುವ ಆ ಅನುಭವ ಬಿಟ್ಟುಕೊಡಬೇಕು. ಅದು ನಿಮಗೆಷ್ಟು ಮುಖ್ಯ ಎಂಬುದನ್ನು ನೀವೇ ಹೇಳಬಲ್ಲಿರಿ.

ಯಾವುದನ್ನೇ ಕೊಂಡರೂ ಅಂಗಡಿಗೆ ನಿಮ್ಮ ಎರಡು ಲೆನ್ಸ್, ದೂರದ ಪವರಿನ ಕನ್ನಡಕ ಮತ್ತು ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಒಂದು ಮೀಟರಿಗೂ, ಬೀದಿಯ ಕೊನೆಯ ಬೋರ್ಡಿಗೂ ಎಫ್/2ರಲ್ಲಿ ಫೋಕಸ್ ಮಾಡಿ ತೆಗೆಯಿರಿ. ಎಫ್/16 ಇಟ್ಟು ಆಕಾಶ ತೆಗೆದು ಸೆನ್ಸರ್ ಮೇಲೆ ಕಲೆ ಇದೆಯೇ ನೋಡಿ. ಜಿಎಸ್‌ಟಿ ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ದೇಹದ ಮೇಲಿನದಕ್ಕೆ ಹೊಂದುತ್ತದೆಯೇ ತಾಳೆ ನೋಡಿ. ಹಳೆಯದನ್ನು ಅಲ್ಲೇ ಕೊಡುವ ಮೊದಲು ನೇರವಾಗಿ ಮಾರಿದರೆ ಎಷ್ಟು ಸಿಗುತ್ತದೆ ಎಂದು ಎರಡು ಕಡೆ ವಿಚಾರಿಸಿ. ಹೊಂದಾಣಿಕೆ ಮಾಡಿಸಿದ ಚೀಟಿ ಇದ್ದರೆ ಬೆಲೆ ಕೇಳಲು ನಿಮಗೆ ಧೈರ್ಯವಿರುತ್ತದೆ. ಲೆನ್ಸ್‌ಗಳನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿದ್ದರೆ ಇವತ್ತೇ ಹೊರಗೆ ತೆಗೆಯಿರಿ, ಚರ್ಮ ತೇವ ಹಿಡಿದಿಟ್ಟುಕೊಂಡು ಬೂಷ್ಟು ಬರಿಸುತ್ತದೆ. ತೇವಾಂಶವನ್ನು ಶೇಕಡ 40ರಿಂದ 50ರೊಳಗೆ ಇರಿಸುವ ಒಂದು ಸಣ್ಣ ಡ್ರೈ ಕ್ಯಾಬಿನೆಟ್ ಮಳೆಗಾಲಕ್ಕೆ ಮೊದಲು ಮನೆಗೆ ಬರಲಿ.